ಒಂದೇ ಜಾಗದ ಉದ್ಯೋಗ: ಮಹಿಳಾ ಫುಟ್‌ಬಾಲ್ ಗೋಲ್‌ಕೀಪರ್‌ಗಳ ವೃತ್ತಿಜೀವನ ಹೇಗೆ ಸಾಗುತ್ತದೆ?

2025ರ ಜುಲೈ 27ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ನಡೆದ ಮಹಿಳಾ ಯೂರೊ (ಯೂರೋಪಿನ ರಾಷ್ಟ್ರೀಯ ತಂಡಗಳ ಟೂರ್ನಿ) ಫೈನಲ್ 1–1ರ ಸಮಬಲದಲ್ಲಿ ಮುಗಿದು ಪೆನಾಲ್ಟಿ ಶೂಟೌಟ್‌ಗೆ ಹೋದಾಗ, ಇಂಗ್ಲೆಂಡಿನ ಗೋಲ್‌ಕೀಪರ್ ಹ್ಯಾನಾ ಹ್ಯಾಂಪ್ಟನ್ ಅವರ ತೋಳಿನ ಮೇಲೆ ಕೈಬರಹದ ಒಂದು ಪಟ್ಟಿ ಇತ್ತು. ಸ್ಪೇನಿನ ಯಾವ ಆಟಗಾರ್ತಿ ಸಾಮಾನ್ಯವಾಗಿ ಯಾವ ಕಡೆಗೆ ಒದೆಯುತ್ತಾರೆ ಎಂಬ ಟಿಪ್ಪಣಿ ಅದು. ಮರಿಯೊನಾ ಕಾಲ್ಡೆಂಟೆ ಮತ್ತು ಐತಾನಾ ಬೊನ್ಮತಿ ಅವರ ಒದೆತಗಳನ್ನು ಹ್ಯಾಂಪ್ಟನ್ ತಡೆದರು. ಇಂಗ್ಲೆಂಡ್ 3–1ರಿಂದ ಶೂಟೌಟ್ ಗೆದ್ದು ಪ್ರಶಸ್ತಿ ಉಳಿಸಿಕೊಂಡಿತು. ಅದೇ ವರ್ಷ ವಿಶ್ವದ ಶ್ರೇಷ್ಠ ಆಟಗಾರರಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿ ಸಮಾರಂಭದಲ್ಲಿ, ಶ್ರೇಷ್ಠ ಗೋಲ್‌ಕೀಪರ್‌ಗೆ ಕೊಡುವ ಯಾಶಿನ್ ಟ್ರೋಫಿಯನ್ನು ಮೊದಲ ಬಾರಿಗೆ ಮಹಿಳೆಯರ ವಿಭಾಗದಲ್ಲಿಯೂ ನೀಡಲಾಯಿತು ಮತ್ತು ಅದು ಹ್ಯಾಂಪ್ಟನ್ ಅವರಿಗೆ ಸಂದಿತು. ಪುರುಷರಿಗೆ ಈ ಪ್ರಶಸ್ತಿ 2019ರಿಂದಲೇ ಇತ್ತು.

ಮಹಿಳಾ ಫುಟ್‌ಬಾಲನ್ನು ಈಚೆಗೆ ನೋಡತೊಡಗಿದವರಿಗೆ ಇಲ್ಲಿಂದ ಹಲವು ಪ್ರಶ್ನೆಗಳು ಹುಟ್ಟುತ್ತವೆ. ಗೋಲ್‌ಕೀಪರ್ ಆಗಿ ಬದುಕು ಕಟ್ಟಿಕೊಳ್ಳುವುದೆಂದರೆ ಏನು? ಮೂವತ್ತು ದಾಟಿದ ಮೇಲೆ ಹೆಸರು ಮಾಡುವವರು ಈ ಸ್ಥಾನದಲ್ಲಿಯೇ ಏಕೆ ಹೆಚ್ಚು? ಅತ್ಯುತ್ತಮ ಗೋಲ್‌ಕೀಪರ್ ಕೂಡ ವರ್ಷಗಟ್ಟಲೆ ಬೆಂಚಿನಲ್ಲಿ ಕೂರುವುದು ಏಕೆ? ಇವುಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಒಂದೇ ಸಂಗತಿಯಲ್ಲಿದೆ: ಹನ್ನೊಂದು ಮಂದಿಯ ತಂಡದಲ್ಲಿ ಈ ಕೆಲಸಕ್ಕಿರುವುದು ಒಂದೇ ಜಾಗ.

## ನಿಯಮದ ಕಣ್ಣಿನಲ್ಲಿ ಗೋಲ್‌ಕೀಪರ್

ಫುಟ್‌ಬಾಲ್ ನಿಯಮಗಳ ಪ್ರಕಾರ ಗೋಲ್‌ಕೀಪರ್ ಇಲ್ಲದೆ ತಂಡ ಕಣಕ್ಕಿಳಿಯುವಂತಿಲ್ಲ. ಸಹ ಆಟಗಾರ್ತಿಯರಿಂದಲೂ ರೆಫರಿಯಿಂದಲೂ ಬೇರೆಯಾಗಿ ಕಾಣುವ ಬಣ್ಣದ ಉಡುಪನ್ನು ಗೋಲ್‌ಕೀಪರ್ ಧರಿಸಬೇಕು. ಗೋಲು ಗೆರೆಯಿಂದ ಮುಂದಕ್ಕೆ 16.5 ಮೀಟರ್ ಚಾಚಿಕೊಂಡಿರುವ ಪೆನಾಲ್ಟಿ ಆವರಣದೊಳಗೆ ಚೆಂಡನ್ನು ಕೈಯಲ್ಲಿ ಹಿಡಿಯುವ ಹಕ್ಕು ಅವರಿಗಿದೆ. ಆ ಗೆರೆ ದಾಟಿದರೆ ಅವರೂ ಉಳಿದ ಹತ್ತು ಮಂದಿಯಂತೆಯೇ.

ಈ ಹಕ್ಕಿಗೂ ಕಾಲಕ್ರಮೇಣ ಕಡಿವಾಣಗಳು ಬಿದ್ದಿವೆ. 1992ರಲ್ಲಿ ಬಂದ ಬ್ಯಾಕ್‌ಪಾಸ್ ನಿಯಮದ ಪ್ರಕಾರ, ಸಹ ಆಟಗಾರ್ತಿ ಬೇಕೆಂದೇ ಕಾಲಿನಿಂದ ಹಿಂದಕ್ಕೆ ತಳ್ಳಿದ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಮುಟ್ಟುವಂತಿಲ್ಲ. ಚೆಂಡನ್ನು ಕೈಯಲ್ಲಿಟ್ಟುಕೊಂಡು ಸಮಯ ಕಳೆಯುವುದನ್ನು ತಪ್ಪಿಸಲು 2025ರ ಜುಲೈಯಿಂದ ಎಂಟು ಸೆಕೆಂಡುಗಳ ಮಿತಿ ಜಾರಿಗೆ ಬಂದಿದ್ದು, ಮೀರಿದರೆ ಎದುರಾಳಿಗೆ ಕಾರ್ನರ್ ಕಿಕ್ ಸಿಗುತ್ತದೆ. ಇವೆರಡರಲ್ಲಿ ಈ ವೃತ್ತಿಯ ಸ್ವರೂಪವನ್ನೇ ಬದಲಿಸಿದ್ದು ಮೊದಲನೆಯದು. ಕೈ ಮಾತ್ರ ಪಳಗಿದ್ದರೆ ಸಾಕಾಗಿದ್ದ ಕೆಲಸಕ್ಕೆ ಕಾಲೂ ಪಳಗಬೇಕಾಯಿತು. ಇಂದು ದೊಡ್ಡ ಕ್ಲಬ್‌ಗಳು ಗೋಲ್‌ಕೀಪರನ್ನು ಆರಿಸುವಾಗ ಚೆಂಡು ತಡೆಯುವ ಸಾಮರ್ಥ್ಯದ ಜೊತೆಗೆ, ಒತ್ತಡದಲ್ಲಿ ಎರಡೂ ಕಾಲಿನಿಂದ ನಿಖರವಾಗಿ ಪಾಸ್ ಕೊಡಬಲ್ಲರೇ ಎಂಬುದನ್ನೂ ನೋಡುತ್ತವೆ.

'ವೃತ್ತಿಪರ' ಎಂಬುದಕ್ಕೂ ವಿಶ್ವ ಫುಟ್‌ಬಾಲ್ ಒಕ್ಕೂಟವಾದ ಫಿಫಾ ಒಂದು ಸ್ಪಷ್ಟ ಅರ್ಥ ಕೊಟ್ಟಿದೆ: ಕ್ಲಬ್‌ನೊಂದಿಗೆ ಲಿಖಿತ ಒಪ್ಪಂದವಿರಬೇಕು ಮತ್ತು ಆಟಕ್ಕಾಗಿ ತಗಲುವ ವೆಚ್ಚಕ್ಕಿಂತ ಹೆಚ್ಚು ಹಣ ಸಿಗುತ್ತಿರಬೇಕು. ವೆಚ್ಚಕ್ಕಿಂತ ತುಸು ಹೆಚ್ಚು ಸಿಕ್ಕರೂ ಈ ಅರ್ಥದಲ್ಲಿ ಆಕೆ ವೃತ್ತಿಪರ ಆಟಗಾರ್ತಿಯೇ. ಆದುದರಿಂದ ಆ ಪದವನ್ನು ಕೇಳಿದ ಕೂಡಲೇ ಆಟದಿಂದಲೇ ಸಂಸಾರ ನಡೆಯುತ್ತದೆ ಎಂದು ಭಾವಿಸುವಂತಿಲ್ಲ.

## ಅದೇ ಗೋಲುಪೆಟ್ಟಿಗೆ, ಅದೇ ಚೆಂಡು

ಗೋಲುಪೆಟ್ಟಿಗೆಯ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಹತ್ತೊಂಬತ್ತನೆಯ ಶತಮಾನದಲ್ಲಿ ಪುರುಷರ ಆಟಕ್ಕಾಗಿ ನಿಗದಿಯಾದ ಈ ಅಳತೆಯೇ ಇಂದು ವೃತ್ತಿಪರ ಮಹಿಳಾ ಫುಟ್‌ಬಾಲಿಗೂ ಅನ್ವಯಿಸುತ್ತದೆ. ಮಹಿಳೆಯರ ಸರಾಸರಿ ಎತ್ತರ ಪುರುಷರದ್ದಕ್ಕಿಂತ ಕಡಿಮೆಯಾದ್ದರಿಂದ, ಅಡ್ಡಕಂಬದ ಕೆಳಗಿನ ಮೂಲೆಗಳು ಮಹಿಳಾ ಗೋಲ್‌ಕೀಪರ್‌ಗೆ ಇನ್ನಷ್ಟು ದೂರ. ಮಹಿಳಾ ಪಂದ್ಯಗಳಲ್ಲಿ ತಲೆಯ ಮೇಲಿಂದ ಸಾಗಿ ಗೋಲಾದ ಚೆಂಡನ್ನು ಕಂಡು ಗೋಲ್‌ಕೀಪರನ್ನು ಹಳಿಯುವ ಮುನ್ನ ಈ ಲೆಕ್ಕವನ್ನು ನೆನಪಿಟ್ಟುಕೊಳ್ಳುವುದು ನ್ಯಾಯ. ಗೋಲುಪೆಟ್ಟಿಗೆಯನ್ನು ಚಿಕ್ಕದು ಮಾಡಬೇಕೆಂಬ ಸಲಹೆ ಆಗಾಗ ಕೇಳಿಬಂದಿದ್ದರೂ ನಿಯಮ ಬದಲಾಗಿಲ್ಲ, ಬದಲಾಗಿರುವುದು ತರಬೇತಿ.

ಎತ್ತರದ ಕೊರತೆಯನ್ನು ತುಂಬುವ ಮುಖ್ಯ ಉಪಾಯ ನಿಲ್ಲುವ ಜಾಗದಲ್ಲಿದೆ. ದೀಪದ ಹತ್ತಿರ ಅಂಗೈ ಹಿಡಿದಷ್ಟೂ ಗೋಡೆಯ ಮೇಲಿನ ನೆರಳು ದೊಡ್ಡದಾಗುತ್ತದೆ. ಗೋಲ್‌ಕೀಪರ್ ಮಾಡುವುದೂ ಇದನ್ನೇ. ಚೆಂಡನ್ನು ದೀಪವೆಂದೂ ಗೋಲುಪೆಟ್ಟಿಗೆಯನ್ನು ಗೋಡೆಯೆಂದೂ ಭಾವಿಸಿದರೆ, ಆಕೆ ಗೆರೆ ಬಿಟ್ಟು ಚೆಂಡಿನತ್ತ ಮುಂದೆ ಬಂದಷ್ಟೂ ಒದೆಯುವವರಿಗೆ ಕಾಣುವ ತೆರಪು ಕಿರಿದಾಗುತ್ತದೆ. ಆದರೆ ತೀರ ಮುಂದೆ ಬಂದರೆ ತಲೆಯ ಮೇಲಿಂದ ಚೆಂಡನ್ನು ಎತ್ತಿ ಹಾಕಲು ಅವಕಾಶ ಕೊಟ್ಟಂತಾಗುತ್ತದೆ. ಎಷ್ಟು ಹೆಜ್ಜೆ, ಯಾವ ಕ್ಷಣದಲ್ಲಿ ಎಂಬ ತೀರ್ಮಾನವೇ ಈ ವಿದ್ಯೆಯ ತಿರುಳು.

ಇದರ ಜೊತೆಗೆ, ಟೀವಿಯಲ್ಲಿ ಸುಲಭವಾಗಿ ಕಣ್ತಪ್ಪಿ ಹೋಗುವ ಒಂದು ಸಣ್ಣ ಚಲನೆಯಿದೆ. ಎದುರಾಳಿಯ ಕಾಲು ಚೆಂಡಿಗೆ ತಾಗುವ ಗಳಿಗೆಗೆ ಸರಿಯಾಗಿ ಗೋಲ್‌ಕೀಪರ್ ಓಟ ನಿಲ್ಲಿಸಿ, ಎರಡೂ ಪಾದಗಳನ್ನು ನೆಲಕ್ಕೂರಿ, ಮಂಡಿ ತುಸು ಬಾಗಿಸಿ, ದೇಹದ ಭಾರವನ್ನು ಪಾದಗಳ ಮುಂಭಾಗಕ್ಕೆ ತಂದಿರುತ್ತಾರೆ. ಒಂದು ಪಾದ ಗಾಳಿಯಲ್ಲಿದ್ದರೂ ಆ ಕಡೆಗೆ ನೆಗೆಯುವುದು ತಡವಾಗುತ್ತದೆ. ಹಿಡಿಯುವಾಗ ಹೆಬ್ಬೆರಳುಗಳನ್ನು ಹತ್ತಿರ ತಂದು ಉಳಿದ ಬೆರಳುಗಳನ್ನು ಅಗಲಿಸಿ ಚೆಂಡಿನ ಹಿಂಬದಿಗೆ ಕೈ ಒಡ್ಡುತ್ತಾರೆ. ಕೈಗವಸಿನ ಅಂಗೈ ಭಾಗದ ಲೇಟೆಕ್ಸ್ ತುಸು ತೇವವಾಗಿದ್ದರೆ ಚೆಂಡು ಚೆನ್ನಾಗಿ ಅಂಟುವುದರಿಂದ, ಪಂದ್ಯದ ನಡುವೆ ಅವರು ಕೈಗವಸಿಗೆ ನೀರು ಹಾಕಿಕೊಳ್ಳುವುದನ್ನೂ ಗಮನಿಸಬಹುದು.

## ತರಬೇತಿ ತಡವಾಗಿ ಬಂದದ್ದೇಕೆ?

ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 1921ರಲ್ಲಿ ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳಲ್ಲಿ ಮಹಿಳೆಯರ ಪಂದ್ಯಗಳನ್ನು ನಿಷೇಧಿಸಿತು. ನಿಷೇಧ ತೆರವಾಗಲು ಅರ್ಧ ಶತಮಾನ ಬೇಕಾಯಿತು. ಪಶ್ಚಿಮ ಜರ್ಮನಿಯಲ್ಲಿ 1955ರಿಂದ 1970ರವರೆಗೆ, ಬ್ರೆಜಿಲ್‌ನಲ್ಲಿ 1941ರಿಂದ 1979ರವರೆಗೆ ಇಂಥವೇ ನಿರ್ಬಂಧಗಳಿದ್ದವು. ಫಿಫಾ ಮಹಿಳಾ ವಿಶ್ವಕಪ್ ಆರಂಭವಾದದ್ದು 1991ರಲ್ಲಿ, ಚೀನಾದಲ್ಲಿ, ಹನ್ನೆರಡು ತಂಡಗಳೊಂದಿಗೆ. ಇಂಗ್ಲೆಂಡಿನ ಮಹಿಳಾ ಸೂಪರ್ ಲೀಗ್ ಪೂರ್ತಿ ವೃತ್ತಿಪರವಾದದ್ದು 2018ರಲ್ಲಿ.

ಇದರ ಹೊಡೆತ ಗೋಲ್‌ಕೀಪರ್‌ಗಳಿಗೆ ಉಳಿದವರಿಗಿಂತ ಹೆಚ್ಚು ಬಿದ್ದಿತು. ಉಳಿದ ಹತ್ತು ಸ್ಥಾನಗಳ ಆಟಗಾರ್ತಿಯರು ಒಬ್ಬನೇ ಕೋಚ್‌ನ ಕೈಕೆಳಗೆ ಒಟ್ಟಾಗಿ ಕಲಿಯಬಹುದು. ಗೋಲ್‌ಕೀಪಿಂಗ್ ಪ್ರತ್ಯೇಕ ವಿದ್ಯೆಯಾದ್ದರಿಂದ ಅದಕ್ಕೆ ಪ್ರತ್ಯೇಕ ಕೋಚ್ ಬೇಕು, ಮತ್ತು ಹಣ ಕಡಿಮೆಯಿರುವ ಕ್ಲಬ್‌ಗಳು ಮೊದಲು ಕೈಬಿಡುವ ಹುದ್ದೆಯೇ ಅದು. ಹಲವು ಹುಡುಗಿಯರು ಈ ಸ್ಥಾನಕ್ಕೆ ತಡವಾಗಿ ಬರುವುದೂ ಉಂಟು. ಅಮೆರಿಕದ ಪರ 202 ಪಂದ್ಯ ಆಡಿದ ಹೋಪ್ ಸೋಲೊ ಶಾಲಾ ದಿನಗಳಲ್ಲಿ ಗೋಲು ಹೊಡೆಯುವ ಫಾರ್ವರ್ಡ್ ಆಗಿದ್ದವರು. ಹ್ಯಾಂಪ್ಟನ್ ಅವರ ಕಥೆ ಇನ್ನೂ ಬೇರೆ: ಹುಟ್ಟಿನಿಂದಲೇ ಮೆಳ್ಳೆಗಣ್ಣಿನ ತೊಂದರೆಯಿದ್ದು, ಬಾಲ್ಯದಲ್ಲಿ ಹಲವು ಶಸ್ತ್ರಚಿಕಿತ್ಸೆಗಳಾದವು. ಚೆಂಡು ಎಷ್ಟು ದೂರದಲ್ಲಿದೆ ಎಂದು ಅಂದಾಜಿಸುವುದೇ ಕಷ್ಟವಾಗುವ ಈ ತೊಂದರೆಯ ಕಾರಣ ಫುಟ್‌ಬಾಲ್ ವೃತ್ತಿಯ ಆಸೆ ಬಿಡುವಂತೆ ವೈದ್ಯರು ಹೇಳಿದ್ದರು.

## ಬೆಂಚಿನ ಮೇಲಿನ ವರ್ಷಗಳು

ಈ ವೃತ್ತಿಯ ಅತಿ ಕಠಿಣ ಭಾಗ ಕಾಯುವುದು. 2023ರ ವಿಶ್ವಕಪ್‌ನಲ್ಲಿ ಪ್ರತಿ ತಂಡಕ್ಕೆ 23 ಆಟಗಾರ್ತಿಯರ ಅವಕಾಶವಿತ್ತು. ಅವರಲ್ಲಿ ಮೂವರು ಗೋಲ್‌ಕೀಪರ್‌ಗಳಿರುವುದು ಕಡ್ಡಾಯ. ಉಳಿದ 20 ಮಂದಿ ಹತ್ತು ಜಾಗಗಳಿಗೆ ಸ್ಪರ್ಧಿಸುವಾಗ, ಈ ಮೂವರು ಒಂದೇ ಜಾಗಕ್ಕೆ ಸ್ಪರ್ಧಿಸುತ್ತಾರೆ. ಮಿಡ್‌ಫೀಲ್ಡರ್ ಒಬ್ಬರಿಗೆ ಕೊನೆಯ ಇಪ್ಪತ್ತು ನಿಮಿಷವಾದರೂ ಆಡಲು ಸಿಗಬಹುದು, ಬೇರೆ ಸ್ಥಾನದಲ್ಲಿ ಆಡಿಸಿ ನೋಡಬಹುದು. ಗೋಲ್‌ಕೀಪರ್ ವಿಷಯದಲ್ಲಿ ಅದಾಗದು. ಮೊದಲ ಆಯ್ಕೆಯವರು ಗಾಯಗೊಳ್ಳದೆ, ಕೆಂಪು ಕಾರ್ಡ್ ಪಡೆಯದೆ ಇದ್ದರೆ ಎರಡನೆಯವರು ಇಡೀ ಋತು ಕೂತೇ ಇರಬೇಕು, ಆದರೆ ಯಾವ ನಿಮಿಷದಲ್ಲಿ ಕರೆ ಬಂದರೂ ಸಿದ್ಧರಿರಬೇಕು.

ಜರ್ಮನಿಯ ನಾಡಿನೆ ಆಂಗರರ್ 1996ರಲ್ಲಿಯೇ ರಾಷ್ಟ್ರೀಯ ತಂಡಕ್ಕೆ ಪದಾರ್ಪಣೆ ಮಾಡಿದರೂ, ಸಿಲ್ಕೆ ರೊಟೆನ್‌ಬರ್ಗ್ ಅವರ ಹಿಂದೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಮೀಸಲು ಆಟಗಾರ್ತಿಯಾಗಿ ಉಳಿದರು. 2007ರಲ್ಲಿ ರೊಟೆನ್‌ಬರ್ಗ್ ಮಂಡಿಯ ಗಾಯಕ್ಕೆ ತುತ್ತಾದಾಗ ಆ ವರ್ಷದ ವಿಶ್ವಕಪ್‌ನಲ್ಲಿ ಆಂಗರರ್‌ಗೆ ಜಾಗ ಸಿಕ್ಕಿತು. ಆರು ಪಂದ್ಯ, 540 ನಿಮಿಷ, ಒಂದೂ ಗೋಲು ಬಿಟ್ಟುಕೊಡಲಿಲ್ಲ; ಫೈನಲ್‌ನಲ್ಲಿ ಬ್ರೆಜಿಲ್‌ನ ಮಾರ್ತಾ ಅವರ ಪೆನಾಲ್ಟಿಯನ್ನೂ ತಡೆದರು. 2013ರ ಯೂರೊ ಫೈನಲ್‌ನಲ್ಲಿ ನಾರ್ವೆಯ ಎರಡು ಪೆನಾಲ್ಟಿ ತಡೆದ ಅವರು, ಅದೇ ವರ್ಷದ ವಿಶ್ವದ ಶ್ರೇಷ್ಠ ಆಟಗಾರ್ತಿ ಎಂಬ ಫಿಫಾ ಗೌರವ ಪಡೆದರು. ಅದುವರೆಗೆ ಆ ಗೌರವ ಯಾವ ಗೋಲ್‌ಕೀಪರ್‌ಗೂ, ಪುರುಷರಲ್ಲಿಯೂ, ಸಿಕ್ಕಿರಲಿಲ್ಲ.

ಇಂಗ್ಲೆಂಡಿನ ಮೇರಿ ಅರ್ಪ್ಸ್ ಅವರ ಬದುಕು ಇನ್ನೂ ಏರಿಳಿತದ್ದು. 2019ರ ಕೊನೆಯಿಂದ ಸುಮಾರು ಎರಡು ವರ್ಷ ರಾಷ್ಟ್ರೀಯ ತಂಡದಲ್ಲಿ ಆಡುವ ಅವಕಾಶವಿಲ್ಲದೆ ಆಟವನ್ನೇ ಬಿಡುವ ಯೋಚನೆಯಲ್ಲಿದ್ದವರನ್ನು 2021ರ ಸೆಪ್ಟೆಂಬರ್‌ನಲ್ಲಿ ಹೊಸ ಕೋಚ್ ಸರೀನಾ ವೀಗ್ಮನ್ ಮರಳಿ ಕರೆದರು. ಮುಂದಿನ ವರ್ಷ ಯೂರೊ ಗೆಲುವು. 2022 ಮತ್ತು 2023, ಎರಡೂ ವರ್ಷ ಫಿಫಾದ ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿ. 2023ರ ವಿಶ್ವಕಪ್ ಫೈನಲ್‌ನಲ್ಲಿ ಜೆನಿಫರ್ ಎರ್ಮೊಸೊ ಅವರ ಪೆನಾಲ್ಟಿಗೆ ತಡೆ, ಆ ಟೂರ್ನಿಯ ಶ್ರೇಷ್ಠ ಗೋಲ್‌ಕೀಪರ್‌ಗೆ ಕೊಡುವ ಗೋಲ್ಡನ್ ಗ್ಲೌ. ಅನಂತರ ಹ್ಯಾಂಪ್ಟನ್ ಮೊದಲ ಆಯ್ಕೆಯಾದರು. 2025ರ ಯೂರೊಗೆ ಸುಮಾರು ಐದು ವಾರ ಇರುವಾಗ ಅರ್ಪ್ಸ್ ಅಂತರರಾಷ್ಟ್ರೀಯ ಆಟದಿಂದ ನಿವೃತ್ತರಾದರು. ಒಬ್ಬರ ವೃತ್ತಿಜೀವನ ಅರಳಬೇಕಾದರೆ ಇನ್ನೊಬ್ಬರದು ಸರಿದು ಜಾಗ ಕೊಡಬೇಕೆಂಬುದು ಈ ಸ್ಥಾನದಲ್ಲಿ ಇಷ್ಟು ನೇರವಾಗಿದೆ.

ಈ ಕಾರಣಕ್ಕೇ ಯುವ ಗೋಲ್‌ಕೀಪರ್‌ಗಳನ್ನು ಕ್ಲಬ್‌ಗಳು ಬೇರೆ ತಂಡಗಳಿಗೆ ಎರವಲು ಕಳಿಸುತ್ತವೆ. ದೊಡ್ಡ ತಂಡದ ಬೆಂಚಿಗಿಂತ ಸಣ್ಣ ತಂಡದ ಗೋಲುಪೆಟ್ಟಿಗೆಯ ಮುಂದೆ ಕಲಿಯುವುದು ಹೆಚ್ಚು, ಏಕೆಂದರೆ ಅಂಥ ತಂಡಗಳ ಮೇಲೆ ದಾಳಿಗಳೂ ಹೆಚ್ಚು.

## ಒಪ್ಪಂದ ಮತ್ತು ಗಳಿಕೆ

ಫಿಫಾ ನಿಯಮದಂತೆ ವೃತ್ತಿಪರ ಒಪ್ಪಂದವು ಕನಿಷ್ಠ ಆ ಋತು ಮುಗಿಯುವವರೆಗೆ, ಗರಿಷ್ಠ ಐದು ವರ್ಷ ಇರಬಹುದು. ಮಹಿಳಾ ಫುಟ್‌ಬಾಲಿನಲ್ಲಿ ಚಿಕ್ಕ ಅವಧಿಯ ಒಪ್ಪಂದಗಳೇ ಸಾಮಾನ್ಯವಾಗಿದ್ದು, ಅವಧಿ ಮುಗಿದ ಮೇಲೆ ವರ್ಗಾವಣೆ ಶುಲ್ಕವಿಲ್ಲದೆ ಬೇರೆ ಕ್ಲಬ್ ಸೇರುವುದೂ ಸಾಮಾನ್ಯ. ಅರ್ಪ್ಸ್ 2024ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನಿಂದ ಪ್ಯಾರಿಸ್ ಸೇಂಟ್ ಜರ್ಮೈನ್‌ಗೆ ಹೋದದ್ದು ಹೀಗೆಯೇ.

ಒಪ್ಪಂದ ಗಟ್ಟಿಯಾಗಿದ್ದರೂ ಲೀಗ್ ಗಟ್ಟಿಯಾಗಿರಬೇಕಲ್ಲ. ಅಮೆರಿಕದ ಮೊದಲ ವೃತ್ತಿಪರ ಮಹಿಳಾ ಲೀಗ್ 2001ರಲ್ಲಿ ಆರಂಭವಾಗಿ 2003ರಲ್ಲಿ ಮುಚ್ಚಿತು. 2009ರಲ್ಲಿ ಬಂದ ಎರಡನೆಯದು ಮೂರು ಋತುಗಳನ್ನಷ್ಟೇ ಕಂಡಿತು. 2013ರಿಂದ ನಡೆಯುತ್ತಿರುವ ಈಗಿನ ಲೀಗ್ ಮಾತ್ರ ಬೇರೂರಿದೆ.

ಸಂಬಳದಾಚೆಗಿನ ಗಳಿಕೆಯಲ್ಲಿ, ಅಂದರೆ ಜಾಹೀರಾತು ಮತ್ತು ಉಡುಪು ಮಾರಾಟದಲ್ಲಿ, ಗೋಲು ಹೊಡೆಯುವವರಿಗೇ ಮೊದಲ ಮಣೆ. 2023ರ ವಿಶ್ವಕಪ್ ಸಮಯದಲ್ಲಿ ಇಂಗ್ಲೆಂಡ್ ತಂಡದ ಉಡುಪು ತಯಾರಿಸುವ ನೈಕಿ ಕಂಪನಿ ಗೋಲ್‌ಕೀಪರ್ ಶರ್ಟನ್ನು ಅಭಿಮಾನಿಗಳಿಗೆ ಮಾರಾಟಕ್ಕೇ ಇಟ್ಟಿರಲಿಲ್ಲ. ಅರ್ಪ್ಸ್ ಇದನ್ನು ಬಹಿರಂಗವಾಗಿ ಪ್ರಶ್ನಿಸಿದರು, ಸಾರ್ವಜನಿಕರ ಸಹಿ ಸಂಗ್ರಹ ನಡೆಯಿತು. ಆಮೇಲೆ ಸೀಮಿತ ಸಂಖ್ಯೆಯಲ್ಲಿ ಬಂದ ಶರ್ಟುಗಳು ಬಹುಬೇಗ ಖಾಲಿಯಾದವು.

## ಪೆನಾಲ್ಟಿ: ಅರ್ಧ ಸೆಕೆಂಡಿನ ಲೆಕ್ಕ

ಪೆನಾಲ್ಟಿ ಬಿಂದುವಿನಿಂದ ಗೋಲು ಗೆರೆಗೆ 11 ಮೀಟರ್. ಗಂಟೆಗೆ 90 ಕಿಲೋಮೀಟರ್ ವೇಗದ ಚೆಂಡು ಈ ದೂರವನ್ನು ಸುಮಾರು 0.44 ಸೆಕೆಂಡಿನಲ್ಲಿ ಕ್ರಮಿಸುತ್ತದೆ. ಚೆಂಡು ಹೊರಟ ದಿಕ್ಕನ್ನು ನೋಡಿ, ಅರಿತು, ನೆಗೆದು ಮೂಲೆಗೆ ಕೈ ಚಾಚಲು ಇದು ಸಾಲದು. ಆದುದರಿಂದ ಒದೆಯುವವರ ಓಟದ ಕೋನ, ಸೊಂಟದ ತಿರುವು, ಆಧಾರದ ಕಾಲು ಊರುವ ರೀತಿಯಿಂದ ಮೊದಲೇ ಊಹಿಸಬೇಕು. ಹಿಂದಿನ ಪೆನಾಲ್ಟಿಗಳ ದೃಶ್ಯಗಳನ್ನು ಅಧ್ಯಯನ ಮಾಡಿ ನೀರಿನ ಬಾಟಲಿಯ ಮೇಲೋ ತೋಳಿನ ಮೇಲೋ ಬರೆದುಕೊಳ್ಳುವ ರೂಢಿ ಬಂದಿರುವುದು ಇದಕ್ಕಾಗಿಯೇ.

ನಿಯಮವೂ ಬಿಗಿಯಾಗಿದೆ. ಒದೆಯುವ ಕ್ಷಣದಲ್ಲಿ ಗೋಲ್‌ಕೀಪರ್‌ನ ಒಂದು ಪಾದದ ಭಾಗವಾದರೂ ಗೋಲು ಗೆರೆಯ ಮೇಲೆ ಅಥವಾ ಅದರ ನೇರದಲ್ಲಿ ಇರಬೇಕೆಂದು 2019ರಲ್ಲಿ ಸ್ಪಷ್ಟಪಡಿಸಲಾಯಿತು. ಆ ವರ್ಷದ ಮಹಿಳಾ ವಿಶ್ವಕಪ್‌ನಲ್ಲಿ ವಿಡಿಯೊ ರೆಫರಿ ವ್ಯವಸ್ಥೆಯೂ ಇದ್ದುದರಿಂದ ಕೂದಲೆಳೆಯ ತಪ್ಪುಗಳೂ ಸಿಕ್ಕಿಬಿದ್ದವು. ಫ್ರಾನ್ಸ್‌ನ ವೆಂಡಿ ರೆನಾರ್ ಒದ್ದ ಪೆನಾಲ್ಟಿ ಕಂಬಕ್ಕೆ ಬಡಿದು ಹೊರಹೋದರೂ, ನೈಜೀರಿಯಾದ 18 ವರ್ಷದ ಚಿಯಮಾಕ ನಾಡೋಜಿ ಗೆರೆ ಬಿಟ್ಟಿದ್ದರೆಂಬ ಕಾರಣಕ್ಕೆ ಮತ್ತೆ ಒದೆಯಲು ಅವಕಾಶ ಕೊಡಲಾಯಿತು, ಮತ್ತು ಈ ಬಾರಿ ಗೋಲಾಯಿತು. ಗೋಲ್‌ಕೀಪರ್ ಮುಟ್ಟದೆಯೇ ಚೆಂಡು ಕಂಬಕ್ಕೆ ಬಡಿದರೆ ಅಥವಾ ಹೊರಗೆ ಹೋದರೆ, ಆಕೆಯ ಚಲನೆ ಒದೆಯುವವರ ಮೇಲೆ ಸ್ಪಷ್ಟ ಪರಿಣಾಮ ಬೀರಿದ್ದಾಗ ಮಾತ್ರ ಮತ್ತೆ ಒದೆಸಬೇಕೆಂದು ನಿಯಮವನ್ನು ಆಮೇಲೆ ತಿದ್ದಲಾಯಿತು.

## ಒಳ್ಳೆಯ ಗೋಲ್‌ಕೀಪರ್ ಎಂದು ಅಳೆಯುವುದು ಹೇಗೆ?

ಹಳೆಯ ಅಳತೆಗೋಲು 'ಕ್ಲೀನ್ ಶೀಟ್', ಅಂದರೆ ಒಂದೂ ಗೋಲು ಬಿಟ್ಟುಕೊಡದ ಪಂದ್ಯಗಳ ಸಂಖ್ಯೆ. ಇದರ ದೋಷ ಸ್ಪಷ್ಟ: ಮುಂದಿನ ರಕ್ಷಣಾ ಆಟಗಾರ್ತಿಯರು ಗಟ್ಟಿಗರಾಗಿದ್ದರೆ ಗೋಲ್‌ಕೀಪರ್‌ಗೆ ಕೆಲಸವೇ ಇರುವುದಿಲ್ಲ. ಈಗ ಬಳಸುವ ವಿಧಾನದಲ್ಲಿ, ಗೋಲಿನತ್ತ ಬಂದ ಪ್ರತಿಯೊಂದು ಒದೆತಕ್ಕೂ ಅದರ ದೂರ, ಕೋನ ಮತ್ತು ಅದು ಸಾಗುತ್ತಿರುವ ಮೂಲೆಯ ಆಧಾರದಲ್ಲಿ ಗೋಲಾಗುವ ಸಂಭವವನ್ನು 0ಯಿಂದ 1ರವರೆಗಿನ ಅಂಕವಾಗಿ ಕೊಡುತ್ತಾರೆ. ಒಂದು ಋತುವಿನಲ್ಲಿ ಈ ಅಂಕಗಳ ಮೊತ್ತ 30 ಆಗಿ, ನಿಜವಾಗಿ ಬಿಟ್ಟುಕೊಟ್ಟದ್ದು 25 ಗೋಲಾದರೆ, ಆಕೆ ಐದು ಗೋಲು ಉಳಿಸಿದರೆಂದು ಲೆಕ್ಕ. ಸೋಲುವ ತಂಡದಲ್ಲಿರುವ ಪ್ರತಿಭೆ ಕಣ್ಣಿಗೆ ಬೀಳುವುದು ಈ ಲೆಕ್ಕದಿಂದ. ಆದರೆ ಮೈದಾನದ ಅಂಚಿನಿಂದ ಗೋಲಿನ ಮುಂದಕ್ಕೆ ತೂರಿಬಂದ ಕ್ರಾಸ್ ಚೆಂಡನ್ನು ಗಾಳಿಯಲ್ಲಿಯೇ ಹಿಡಿದು ಒದೆತವೇ ಆಗದಂತೆ ನೋಡಿಕೊಂಡವರ ಕೆಲಸ ಇದರಲ್ಲಿ ಸೇರುವುದಿಲ್ಲ.

## ಗಾಯ, ತಾಯ್ತನ

ಬೆರಳು, ಮಣಿಕಟ್ಟು ಮತ್ತು ಭುಜದ ಗಾಯಗಳು ಈ ಸ್ಥಾನದ ದಿನನಿತ್ಯದ ಅಪಾಯಗಳು. ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಸಂಭವ ಪುರುಷರಿಗಿಂತ ಮಹಿಳಾ ಆಟಗಾರ್ತಿಯರಲ್ಲಿ ಹೆಚ್ಚು, ಮತ್ತು ಅದಾದರೆ ಹೆಚ್ಚುಕಡಿಮೆ ಇಡೀ ಋತು ಕೈಬಿಟ್ಟಂತೆ. ಎಲ್ಲಕ್ಕಿಂತ ಗಂಭೀರವಾದದ್ದು ತಲೆಯ ಪೆಟ್ಟು. 1999ರ ವಿಶ್ವಕಪ್ ಫೈನಲ್‌ನಲ್ಲಿ 90,185 ಪ್ರೇಕ್ಷಕರೆದುರು ಚೀನಾದ ಲಿಯು ಯಿಂಗ್ ಅವರ ಪೆನಾಲ್ಟಿ ತಡೆದು ಅಮೆರಿಕದ ಗೆಲುವಿಗೆ ಕಾರಣರಾದ ಬ್ರಯಾನಾ ಸ್ಕರ್ರಿ ಅವರಿಗೆ, 2010ರ ಲೀಗ್ ಪಂದ್ಯವೊಂದರಲ್ಲಿ ಎದುರಾಳಿಯ ಮಂಡಿ ಕಪಾಲಕ್ಕೆ ಬಡಿಯಿತು. ಅದೇ ಅವರ ಕೊನೆಯ ಪಂದ್ಯವಾಯಿತು. ತಲೆನೋವು, ಖಿನ್ನತೆ ಮತ್ತು ಹಣದ ಮುಗ್ಗಟ್ಟಿನಲ್ಲಿ ಒಲಿಂಪಿಕ್ ಚಿನ್ನದ ಪದಕಗಳನ್ನೇ ಒತ್ತೆಯಿಟ್ಟ ಅವರು, 2013ರಲ್ಲಿ ನಡೆದ ನರದ ಶಸ್ತ್ರಚಿಕಿತ್ಸೆಯ ಬಳಿಕವೇ ಚೇತರಿಸಿಕೊಂಡದ್ದು.

ತಾಯ್ತನದ ವಿಷಯದಲ್ಲಿ 2021ರ ಜನವರಿಯಿಂದ ಫಿಫಾ ನಿಯಮ ಜಾರಿಯಲ್ಲಿದೆ. ಕನಿಷ್ಠ 14 ವಾರಗಳ ರಜೆ, ಅದರಲ್ಲಿ ಕನಿಷ್ಠ ಎಂಟು ವಾರ ಹೆರಿಗೆಯ ನಂತರ, ಆ ಅವಧಿಗೆ ಒಪ್ಪಂದದ ಸಂಬಳದ ಕನಿಷ್ಠ ಮೂರನೆಯ ಎರಡು ಭಾಗ. ರಜೆಯಲ್ಲಿರುವವರ ಬದಲಿಗೆ, ವರ್ಗಾವಣೆಯ ನಿಗದಿತ ಕಾಲದ ಹೊರಗೂ ತಾತ್ಕಾಲಿಕವಾಗಿ ಇನ್ನೊಬ್ಬರನ್ನು ಸೇರಿಸಿಕೊಳ್ಳಲು ಕ್ಲಬ್‌ಗೆ ಅನುಮತಿಯಿದೆ. ಜರ್ಮನಿಯ ಗೋಲ್‌ಕೀಪರ್ ಆಲ್ಮುತ್ ಶುಲ್ಟ್ ಈ ನಿಯಮಕ್ಕೂ ಮೊದಲೇ, 2020ರಲ್ಲಿ, ಅವಳಿ ಮಕ್ಕಳ ತಾಯಿಯಾಗಿ ಮತ್ತೆ ಆಟಕ್ಕೆ ಮರಳಿ, 2022ರ ಯೂರೊ ತಂಡದಲ್ಲಿ ಸ್ಥಾನ ಪಡೆದರು. ಮರಳುವವರಿಗೆ ದೇಹದ ಸಿದ್ಧತೆಯಷ್ಟೇ ದೊಡ್ಡ ಸವಾಲು, ಆ ವೇಳೆಗೆ ತಮ್ಮ ಜಾಗದಲ್ಲಿ ಬೇರೊಬ್ಬರು ನೆಲೆಯೂರಿರುವುದು.

## ವಯಸ್ಸು ಇಲ್ಲಿ ಏಕೆ ತಡವಾಗಿ ತಟ್ಟುತ್ತದೆ?

ಗೋಲ್‌ಕೀಪರ್ ಒಂದು ಪಂದ್ಯದಲ್ಲಿ ಓಡುವ ದೂರ ಮಿಡ್‌ಫೀಲ್ಡರ್ ಓಡುವುದಕ್ಕಿಂತ ಬಹಳ ಕಡಿಮೆ. ವೇಗ ತುಸು ಇಳಿದರೂ ಆಟವನ್ನು ಮುಂಚಿತವಾಗಿ ಓದುವ ಅನುಭವ ಅದನ್ನು ತುಂಬಿಕೊಡುತ್ತದೆ. ಟೋಕಿಯೊ ಒಲಿಂಪಿಕ್ಸ್ ಫೈನಲ್ ಆಡಿದಾಗ ಸ್ವೀಡನ್‌ನ ಹೆಡ್ವಿಗ್ ಲಿಂಡಾಲ್ ಅವರಿಗೆ 38 ವರ್ಷ. ಎರಡು ಬಾರಿ ಥೈರಾಯ್ಡ್ ಕ್ಯಾನ್ಸರ್ ಎದುರಿಸಿದ ಜರ್ಮನಿಯ ಆನ್-ಕಾಟ್ರಿನ್ ಬರ್ಗರ್, 33ನೆಯ ವಯಸ್ಸಿನಲ್ಲಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್‌ಫೈನಲ್ ಶೂಟೌಟ್‌ನಲ್ಲಿ ಕೆನಡಾದ ಎರಡು ಒದೆತಗಳನ್ನು ತಡೆದು, ಗೆಲುವಿನ ಪೆನಾಲ್ಟಿಯನ್ನು ತಾವೇ ಒದ್ದರು. ಕಂಚಿನ ಪದಕದ ಪಂದ್ಯದ ಕೊನೆಯ ಗಳಿಗೆಯಲ್ಲಿ ಸ್ಪೇನಿನ ಅಲೆಕ್ಸಿಯಾ ಪುಟೆಯಾಸ್ ಅವರ ಪೆನಾಲ್ಟಿಯನ್ನೂ ತಡೆದರು.

ನಿವೃತ್ತಿಯ ನಂತರ ಹಲವರು ಆರಿಸಿಕೊಳ್ಳುವುದು ಗೋಲ್‌ಕೀಪಿಂಗ್ ಕೋಚ್ ಹುದ್ದೆಯನ್ನು. ಇದಕ್ಕೆಂದೇ ಯೂರೋಪಿನ ಫುಟ್‌ಬಾಲ್ ಒಕ್ಕೂಟ ಪ್ರತ್ಯೇಕ ಪರವಾನಗಿಗಳನ್ನು ಕೊಡುತ್ತದೆ. ಆಂಗರರ್ ಅಮೆರಿಕದ ಪೋರ್ಟ್‌ಲ್ಯಾಂಡ್ ಥಾರ್ನ್ಸ್ ಕ್ಲಬ್‌ನಲ್ಲಿ ಹಲವು ವರ್ಷ ಈ ಕೆಲಸ ಮಾಡಿ, ಬಳಿಕ ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ತಂಡದ ಗೋಲ್‌ಕೀಪರ್‌ಗಳಿಗೆ ತರಬೇತಿ ಕೊಡಲು ಯೂರೋಪಿಗೆ ಮರಳಿದರು.